ಓಟದಲ್ಲಿ ದುಡಿಯುವವರು ಯಾರು?

ಓಡುವಾಗ ದುಡಿಯುವುದು ಸ್ನಾಯುವೋ, ಅದನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುವೋ? ಹೊರಗಿನಿಂದ ನೋಡಿದರೆ ತಿಳಿಯದು. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಅಮೆರಿಕದ ವಿಜ್ಞಾನಿಗಳು ಟರ್ಕಿ ಕೋಳಿಗಳನ್ನು ಓಡಿಸಿ ಹೀಗೆ ಅಳೆದರು. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಕಾಲಿನ ಸ್ನಾಯುವಿನೊಳಗೆ ಪುಟ್ಟ ಹರಳುಗಳನ್ನಿಟ್ಟರು. ಒಂದರಿಂದ ಹೊರಟ ಶ್ರವಣಾತೀತ ಧ್ವನಿ ಇನ್ನೊಂದನ್ನು ಮುಟ್ಟಲು ಹಿಡಿದ ಕಾಲದಿಂದ ಸ್ನಾಯುವಿನ ಉದ್ದ ತಿಳಿಯಿತು. ರಜ್ಜುವಿಗೆ ಅಂಟಿಸಿದ ಮಾಪಕ ಬಲವನ್ನು ತೋರಿಸಿತು.

ಸಮನೆಲದಲ್ಲಿ ಪಾದ ಊರಿದಾಗ ಸ್ನಾಯು ಬಿಗಿಹಿಡಿದರೂ ಅದರ ಉದ್ದ ಹೆಚ್ಚು ಬದಲಾಗಲಿಲ್ಲ. ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಶಕ್ತಿಯನ್ನು ಮರಳಿಸಿದ್ದು ರಜ್ಜು! ಏರಿನಲ್ಲಾದರೋ ಸ್ನಾಯುವೇ ಕುಗ್ಗಿ ದುಡಿಯಿತು.

ನಮ್ಮ ಹಿಮ್ಮಡಿಯ ಮೇಲಿನ ದಪ್ಪ ರಜ್ಜುವೂ ಇಂತಹ ಸ್ಪ್ರಿಂಗೇ. ಆದರೆ ಸ್ಪ್ರಿಂಗು ಪಡೆದದ್ದನ್ನಷ್ಟೇ ಮರಳಿಸಬಲ್ಲುದು. ಮೇಲೇರಲು ಬೇಕಾದ ಹೊಸ ಶಕ್ತಿಯನ್ನು ಸ್ನಾಯುವೇ ಕೊಡಬೇಕು. ಗುಡ್ಡ ಹತ್ತುವಾಗ ನಮಗೆ ಏದುಸಿರು ಬರುವುದು ಅದಕ್ಕೇ.