ಗುಲಾಬಿಯ ಕಾಂಡವೇಕೆ ಬಾಗುತ್ತದೆ?

ಶಿವಪೂಜೆಗೆಂದು ಅಂಗಳದಲ್ಲಿ ಅಕ್ಕರೆಯಿಂದ ಬೆಳೆಸಿದ ಗುಲಾಬಿಯ ಕಾಂಡವು ಮೊಗ್ಗು ಬಿರಿಯುವ ಮುನ್ನವೇ ಬಾಗಿ ಮುರಿದರೆ ಮನೆಯವರ ಮನಸ್ಸು ನೋಯುವುದು ಸಹಜ. ಗಿಡಕ್ಕೆ ಶಕ್ತಿ ಸಾಲದೆಂದು ಭಾವಿಸಿ ನಾವು ಕೂಡಲೇ ಗೊಬ್ಬರ ಸುರಿಯುತ್ತೇವೆ. ಹೀಗೆಯೇ ಹಿಡಿಗಟ್ಟಲೆ ಯೂರಿಯಾ ಹಾಕಿ ನಾನು ಒಂದು ಒಳ್ಳೆಯ ಗಿಡವನ್ನು ಕಳೆದುಕೊಂಡೆ. ಮರದ ನೆರಳಿನಲ್ಲಿದ್ದ ಆ ಗಿಡಕ್ಕೆ ಬೇಕಾಗಿದ್ದುದು ಬಿಸಿಲು, ನಾನಿತ್ತದ್ದು ಗೊಬ್ಬರ.

ಆದುದರಿಂದ ಉಪಚಾರಕ್ಕೆ ಮೊದಲು ಕಾಂಡವು ಎಲ್ಲಿ ಸೋತಿದೆ ಎಂಬುದನ್ನು ನೋಡಬೇಕು.

ಹೂವಿನ ಕೊರಳು ಮಾತ್ರ ಬಾಗಿದ್ದರೆ ಗಾಬರಿ ಬೇಡ. ಕೆಲವು ತಳಿಗಳಿಗೆ ಅದು ಜಾತಿಸ್ವಭಾವ; ಎಳೆಯ ಗಿಡಗಳಲ್ಲಿಯೂ ಹೂವಿನ ಭಾರವನ್ನು ಕಾಂಡ ತಾಳದು. ಎರಡು ಮೂರು ವರ್ಷಗಳಲ್ಲಿ ಅದು ಬಲಿಯುತ್ತದೆ.

ರೆಂಬೆಗಳೆಲ್ಲ ನೀಳವಾಗಿ, ತೆಳ್ಳಗೆ, ಒಂದೇ ಕಡೆಗೆ ವಾಲಿದ್ದರೆ ಅದು ಬೆಳಕಿನ ಕೊರತೆ. ಗುಲಾಬಿಗೆ ದಿನಕ್ಕೆ ಕನಿಷ್ಠ 6 ಗಂಟೆಗಳ ನೇರ ಬಿಸಿಲು ಬೇಕು. ಎಲೆಗಳು ಕಡುಹಸಿರಾಗಿ ಸೊಂಪಾಗಿದ್ದು ಕಾಂಡ ಮೆತ್ತಗಿದ್ದರೆ ಸಾರಜನಕ ಹೆಚ್ಚಾಗಿದೆಯೆಂದು ತಿಳಿಯಬೇಕು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವೇ ಇರುತ್ತದೆ. ಅದನ್ನು ನಿಲ್ಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮಿತವಾಗಿ ಕೊಡುವುದು ಲೇಸು.

ಬುಡದಿಂದ ಹೊಸದಾಗಿ ಎದ್ದ ದಪ್ಪ ಚಿಗುರು ಗಾಳಿಗೆ ಕಿತ್ತು ಬಂದರೆ ಅದು ರೋಗವಲ್ಲ. ಅದರ ಸಂದು ಇನ್ನೂ ಎಳೆಯದು. ಬಿದಿರುಕಡ್ಡಿ ನೆಟ್ಟು, ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಬೇಕು. ತಂತಿ ಕಟ್ಟಿದರೆ ತೊಗಟೆ ಕೊರೆದು, ಕಾಂಡ ಅಲ್ಲಿಯೇ ಮುರಿಯುತ್ತದೆ.

ಕತ್ತರಿಸಿದ ತುದಿಯಿಂದ ಕೆಳಮುಖವಾಗಿ ಕಪ್ಪು ಹರಡುತ್ತಿದ್ದರೆ ಮಾತ್ರ ತಡಮಾಡಬಾರದು. ಅದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ನಿರ್ಲಕ್ಷಿಸಿದರೆ ಇಡೀ ಗಿಡವನ್ನೇ ನುಂಗುತ್ತದೆ. ಒಳತಿರುಳು ಬೆಳ್ಳಗೆ ಕಾಣುವವರೆಗೆ ಹರಿತವಾದ, ಶುಚಿಯಾದ ಕತ್ತರಿಯಿಂದ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಕತ್ತರಿಸಿದ ತುಂಡುಗಳನ್ನು ಸುಡಬೇಕು. ತುದಿಯಲ್ಲಿ ರಂಧ್ರವಿದ್ದು ತಿರುಳು ಟೊಳ್ಳಾಗಿದ್ದರೆ ಕೊರಕ ಹುಳುವಿನ ಕೆಲಸ. ಹುಳು ಸಿಕ್ಕುವವರೆಗೆ ಕೆಳಗೆ ಕತ್ತರಿಸುವುದೇ ಮದ್ದು.

ಮಾತಾಯಿಯರಲ್ಲಿ ಒಂದು ಬಿನ್ನಹ. ಎಳೆಯ ಗಿಡದಿಂದ ಪೂಜೆಗೆ ಹೂವನ್ನೆತ್ತುವಾಗ ಉದ್ದನೆಯ ಕಾಂಡ ಸಹಿತ ಮುರಿಯದಿರಿ. ಕಾಂಡಕ್ಕೆ ಅನ್ನವಿಕ್ಕುವುದು ಎಲೆಗಳೇ; ಅವು ಹೋದರೆ ಮುಂದಿನ ಚಿಗುರು ಬಡವಾಗುತ್ತದೆ. ನಾಳೆಯ ಪೂಜೆಗೂ ಆ ಗಿಡವೇ ಹೂ ಕೊಡಬೇಕಲ್ಲವೇ? ಅದರ ನೋವನ್ನರಿತು ಮಾಡುವ ಆರೈಕೆಯೂ ಪೂಜೆಯ ಒಂದು ಅಂಗವೇ.