ಎದ್ದು ಜಾಗ ಕೊಟ್ಟವನಲ್ಲಿ ಹೆಣ್ಣು ಕಾಣುವುದೇನು?

ಭೋರ್‌ನಿಂದ ಪುಣೆಯ ಸ್ವಾರ್‌ಗೇಟ್‌ಗೆ ಹೋಗುವ ಮಹಾರಾಷ್ಟ್ರ ರಾಜ್ಯ ಸಾರಿಗೆಯ (ಎಸ್‌ಟಿ) ಬಸ್ಸಿನಲ್ಲಿ ಹೆಂಗಸರಿಗೆ ಮೀಸಲು ಸೀಟುಗಳಿವೆ. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಅವರಿಗೆ ಅರ್ಧ ಟಿಕೆಟ್ಟು ಕೂಡ. ಇವೆರಡೂ ಸರ್ಕಾರ ಕೊಟ್ಟದ್ದು, ಕೇಳಿ ಪಡೆಯಬಹುದಾದದ್ದು. ಮೀಸಲಲ್ಲದ ಸೀಟಿನಿಂದ ಒಬ್ಬ ಗಂಡಸು ತಾನಾಗಿ ಎದ್ದು 'ತಾಈ, ಬಸಾ' (ಅಕ್ಕಾ, ಕೂತುಕೊಳ್ಳಿ) ಎಂದರೆ ಅದರ ಬೆಲೆಯೇ ಬೇರೆ. ಓದಿದವರು, ದುಡಿಯುವವರು, ಯಾರ ಹಂಗಿನಲ್ಲೂ ಇಲ್ಲದವರು ಕೂಡ ಇಂಥ ದಾಕ್ಷಿಣ್ಯವನ್ನು ಮೆಚ್ಚುತ್ತಾರೆ. ಸೀರೆ, ಹೂವು, ಬಳೆಗಳನ್ನೂ ಅಷ್ಟೇ ಪ್ರೀತಿಯಿಂದ ಉಳಿಸಿಕೊಳ್ಳುತ್ತಾರೆ. ಇದನ್ನು ಹೆಂಗಸರ ತಿಳಿಗೇಡಿತನ ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು ಎನ್ನುವುದಕ್ಕೆ ಈಗ ಒಳ್ಳೆಯ ಆಧಾರವಿದೆ.

ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ 22 ಹೇಳಿಕೆಗಳ ಒಂದು ಮಾಪಕ ರೂಪಿಸಿದರು. ಲಿಂಗತಾರತಮ್ಯಕ್ಕೆ ಎರಡು ಮುಖ ಎಂಬುದು ಅವರ ವಾದ. ಒಂದು ಹಗೆಯದು, ಹೆಣ್ಣನ್ನು ಬಹಿರಂಗವಾಗಿ ಹೀಗಳೆಯುವುದು. ಇನ್ನೊಂದು ಅಕ್ಕರೆಯದು: ಹೆಣ್ಣು ಪವಿತ್ರೆ, ಕೋಮಲೆ, ಅವಳನ್ನು ಗಂಡು ಕಾಯಬೇಕು ಎನ್ನುವುದು. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 19 ದೇಶಗಳ 15,000ಕ್ಕೂ ಹೆಚ್ಚು ಜನ ಈ ಪ್ರಶ್ನೆಗಳಿಗೆ ಉತ್ತರಿಸಿದರು. ಭಾರತ ಅದರಲ್ಲಿರಲಿಲ್ಲ. ಆದರೂ ಅದರ ಫಲಿತಾಂಶ ನಮಗೆ ಅಪರಿಚಿತವೆನಿಸುವುದಿಲ್ಲ. ಎಲ್ಲಿ ಗಂಡಸರ ಹಗೆ ಹೆಚ್ಚೋ ಅಲ್ಲಿಯೇ ಹೆಂಗಸರು ಅಕ್ಕರೆಯ ಮಾತನ್ನು ಹೆಚ್ಚು ಒಪ್ಪಿದ್ದರು. ಬೀದಿಯಲ್ಲಿ ಭಯವಿದ್ದಾಗ ಕಾಯುತ್ತೇನೆ ಎನ್ನುವವನ ಕಡೆ ಸರಿಯುವುದು ಲೆಕ್ಕಾಚಾರದ ನಡೆ, ಮೌಢ್ಯವಲ್ಲ.

ಆದರೆ ಭಯವೊಂದೇ ಕಾರಣವೂ ಅಲ್ಲ. ಪೆಲಿನ್ ಗುಲ್ ಮತ್ತು ಟಾಮ್ ಕಪ್ಫರ್ 2019ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಮುಖ್ಯ. ತನ್ನ ಕೋಟು ಕೊಡುವ, ಭಾರ ಹೊರಲು ಮುಂದಾಗುವ, ಹೆಣ್ಣನ್ನು ಕಾಯಬೇಕೆನ್ನುವ ಗಂಡಸರ ಬಗ್ಗೆ ಹೆಂಗಸರನ್ನು ಕೇಳಿದರು. ಇಂಥವರು ತಮ್ಮನ್ನು ಚಿಕ್ಕವರಂತೆ ಕಾಣುತ್ತಾರೆ, ತಮ್ಮ ಆತ್ಮವಿಶ್ವಾಸಕ್ಕೆ ಪೆಟ್ಟು ಕೊಡಬಲ್ಲರು ಎಂಬುದನ್ನು ಆ ಹೆಂಗಸರು ಸರಿಯಾಗಿಯೇ ಗುರುತಿಸಿದರು. ಗುರುತಿಸಿಯೂ ಅವರನ್ನೇ ಹೆಚ್ಚು ಮೆಚ್ಚಿದರು. ಸ್ತ್ರೀವಾದವನ್ನು ಗಟ್ಟಿಯಾಗಿ ಒಪ್ಪಿದವರೂ ಇದಕ್ಕೆ ಹೊರತಾಗಿರಲಿಲ್ಲ. ಕಷ್ಟಕ್ಕಾಗುವವನು, ದುಡಿದು ತರುವವನು, ನಡುವೆ ಬಿಟ್ಟುಹೋಗದವನು ಎಂಬ ಸೂಚನೆ ಅವರಿಗೆ ಆ ನಡತೆಯಲ್ಲಿ ಕಂಡಿತ್ತು. ಇದರ ಬೇರು ಜೀವಿಗಳ ವಿಕಾಸದಲ್ಲಿದೆ ಎನ್ನುತ್ತಾರೆ ಈ ಸಂಶೋಧಕರು. ರಾಬರ್ಟ್ ಟ್ರಿವರ್ಸ್ 1972ರಲ್ಲೇ ಹೇಳಿದ್ದಂತೆ, ಸಂತಾನಕ್ಕಾಗಿ ಹೆಚ್ಚು ತೆರುವ ಜೀವಿ ಸಂಗಾತಿಯನ್ನು ಹೆಚ್ಚು ಅಳೆದು ನೋಡುತ್ತದೆ. ಒಂಬತ್ತು ತಿಂಗಳ ಬಸಿರು, ಬಾಣಂತನ, ಎದೆಹಾಲು ಹೊತ್ತವಳಿಗೆ ಗಂಡಿನ ಮಾತಿಗಿಂತ ಅವನ ಸಣ್ಣಪುಟ್ಟ ನಡತೆ ನಂಬಲು ಯೋಗ್ಯ.

ಬೆಲೆ ತೆರಬೇಕಾಗುವುದೂ ನಿಜ. ಬೆಲ್ಜಿಯಂನ ಬೆನೊವಾ ದಾರ್ಡೆನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದು ಇದನ್ನೇ. ಕೆಲಸಕ್ಕೆ ಬಂದವಳಿಗೆ 'ಇಲ್ಲಿನ ಗಂಡಸರು ನಿನಗೆ ಸಹಾಯ ಮಾಡುತ್ತಾರೆ' ಎಂಬ ಧಾಟಿಯಲ್ಲಿ ಮಾತಾಡಿದಾಗ, ನೇರವಾಗಿ ಹೀಗಳೆದಾಗಿನದಕ್ಕಿಂತ ಅವಳು ಪರೀಕ್ಷೆಯಲ್ಲಿ ಹೆಚ್ಚು ಹಿಂದೆ ಬಿದ್ದಳು. ಬೈಗುಳಕ್ಕೆ ಸಿಟ್ಟು ಬರುತ್ತದೆ, ಸಿಟ್ಟು ಕೈಗೆ ಬಲ ಕೊಡುತ್ತದೆ. ಅಕ್ಕರೆಯ ಮಾತು ಮಾತ್ರ 'ನನ್ನಿಂದ ಆದೀತೇ' ಎಂಬ ಅನುಮಾನ ಬಿತ್ತಿ, ಲೆಕ್ಕ ಬಿಡಿಸಬೇಕಾದ ಮನಸ್ಸನ್ನು ಅದರಲ್ಲೇ ಸುತ್ತಿಸುತ್ತದೆ. ಜೊತೆಗೆ ಈ ಅಕ್ಕರೆಗೆ ಷರತ್ತುಂಟು. ಹೇಳಿದಂತೆ ಇರುವವಳಿಗೆ ಮಣೆ, ಎದುರಾಡುವವಳಿಗೆ ಹಗೆ.

ಎದುರಾಡಿದವಳಿಗೂ ಸಿಕ್ಕ ಗೌರವದ ಕಥೆಯೊಂದು ಭೋರ್ ಸೀಮೆಯನ್ನು ನಮ್ಮ ನಾಡಿಗೆ ಜೋಡಿಸುತ್ತದೆ. ಭೋರ್ ತಾಲೂಕಿನ ರಾಯರೇಶ್ವರ ಬೆಟ್ಟದ ಮೇಲೆ 1645ರಲ್ಲಿ ಹದಿಹರೆಯದ ಶಿವಾಜಿ ಸ್ವರಾಜ್ಯದ ಶಪಥ ಮಾಡಿದನೆಂಬ ನಂಬಿಕೆಯಿದೆ. 1678ರ ಹೊತ್ತಿಗೆ ದಕ್ಷಿಣದ ದಂಡಯಾತ್ರೆಯಿಂದ ಮರಳುತ್ತಿದ್ದ ಅವನ ಸೇನೆಯನ್ನು ಬೆಳಗಾವಿ ಸೀಮೆಯ ಬೆಳವಡಿಯಲ್ಲಿ ಅಲ್ಲಿನ ರಾಣಿ ಮಲ್ಲಮ್ಮ ತಡೆದು ನಿಲ್ಲಿಸಿದಳು. 27 ದಿನ ಕೋಟೆ ಬಗ್ಗಲಿಲ್ಲವೆನ್ನುತ್ತಾರೆ. ರಾಜಾಪುರದಲ್ಲಿದ್ದ ಇಂಗ್ಲಿಷ್ ವರ್ತಕರು ಕೂಡ ಈ ಹೆಂಗಸಿನ ಕೈಯಲ್ಲಿ ಶಿವಾಜಿಗಾದ ಮುಖಭಂಗವನ್ನು ಪತ್ರದಲ್ಲಿ ಬರೆದರು. ಸೆರೆಸಿಕ್ಕ ಅವಳೊಡನೆ ಕೆಟ್ಟದಾಗಿ ನಡೆದುಕೊಂಡ ಸರದಾರ ಸಖೂಜಿ ಗಾಯಕವಾಡನಿಗೆ ಶಿವಾಜಿ ಕಠಿಣ ಶಿಕ್ಷೆ ಕೊಟ್ಟನೆಂದೂ ಅವಳನ್ನು ಗೌರವದಿಂದ ಬಿಟ್ಟನೆಂದೂ ಇತಿಹಾಸ ನೆನೆಯುತ್ತದೆ. ಅಬಲೆ ಎಂಬ ಕನಿಕರಕ್ಕೆ ಇಲ್ಲಿ ಜಾಗವೇ ಇಲ್ಲ, ಕತ್ತಿ ಹಿಡಿದು ನಿಂತವಳು ಆಕೆ. ದಾಕ್ಷಿಣ್ಯವನ್ನು ಮೆಚ್ಚುವ ಹೆಣ್ಣು ಬಯಸುವುದು ಇಂಥ ಗೌರವವನ್ನೇ ಎಂದು ನನಗನಿಸುತ್ತದೆ.

ಹೆಣ್ತನದ ಗುರುತುಗಳ ಮೇಲಿನ ಪ್ರೀತಿ ಗಂಡಿನ ಮೆಚ್ಚುಗೆಗಾಗಿ ಮಾತ್ರ ಇರುವುದಲ್ಲ ಎಂಬುದನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಹಾರಾಷ್ಟ್ರದ ಮನೆಮನೆಗಳಲ್ಲಿ ನಡೆಯುವ ಹಳದಿ-ಕುಂಕುಮ, ನಮ್ಮಲ್ಲಿ ಎಳ್ಳು ಬೀರುವುದು, ಬಾಗಿನ ಕೊಡುವುದು, ಇವೆಲ್ಲ ಹೆಂಗಸರು ಹೆಂಗಸರಿಗಾಗಿ ಮಾಡುವ ಸಂಭ್ರಮ. ಆದರೆ ಅರಿಶಿನ-ಕುಂಕುಮದ ಬಾಗಿಲು ವಿಧವೆಗೆ ಎಷ್ಟೋ ಕಾಲ ಮುಚ್ಚಿತ್ತು. ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ 2022ರ ಮೇ 4ರಂದು ಠರಾವು ಮಾಡಿ, ಗಂಡ ಸತ್ತವಳ ಕುಂಕುಮ ಅಳಿಸುವ, ಬಳೆ ಒಡೆಯುವ, ಮಂಗಳಸೂತ್ರ ತೆಗೆಯುವ ಪದ್ಧತಿಯನ್ನು ನಿಲ್ಲಿಸಿತು. ಉಳಿದ ಗ್ರಾಮ ಪಂಚಾಯಿತಿಗಳೂ ಇದನ್ನೇ ಅನುಸರಿಸಲೆಂದು ರಾಜ್ಯ ಸರ್ಕಾರ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಆ ಊರು ಬಳೆ ಬೇಡವೆನ್ನಲಿಲ್ಲ. ಬಳೆ ತೊಟ್ಟ ಕೈಗೆ ಸೇರಿದ್ದು, ಗಂಡನ ಆಯುಷ್ಯಕ್ಕಲ್ಲ ಎಂದಿತು.