ಮುಂಡಗೋಡದ ಮತಪೆಟ್ಟಿಗೆ

ಮುಂಡಗೋಡದ ಟಿಬೆಟನ್ನರ ಕ್ಯಾಂಪಿನಲ್ಲಿ ವೃದ್ಧ ಭಿಕ್ಷುಗಳೂ ಗೃಹಿಣಿಯರೂ ತಮ್ಮ ಗುರುತಿನ ಹಸಿರು ಪುಸ್ತಿಕೆಯನ್ನು ಕೈಯಲ್ಲಿ ಹಿಡಿದು, ತಮ್ಮ ನಿರ್ವಾಸಿತ ಸಂಸತ್ತಿಗೆ ಮತ ನೀಡಲು ಸಾಲುಗಟ್ಟಿ ನಿಲ್ಲುವುದನ್ನು ಕಂಡವರಿಗೆ, ಪ್ರಜಾಪ್ರಭುತ್ವವು ನೆಲೆ ತಪ್ಪಿದ ಬಳಿಕವೂ ಉಸಿರಾಡಬಲ್ಲುದೆಂಬುದು ಮನದಟ್ಟಾಗುವುದು.

1960ರಲ್ಲಿ ಮೊಳೆತ ಆ ಸಂಸತ್ತು ಬೆಳೆದುದು ಭಾರತದ ಆಶ್ರಯದಿಂದ, ಹೊರದೇಶಗಳ ನೆರವಿನಿಂದ. ಆದರೆ 2025ರಲ್ಲಿ ಅಮೆರಿಕದ ಸರ್ಕಾರವು ವಿದೇಶೀ ಸಹಾಯಧನವನ್ನು ತಡೆಹಿಡಿಯಲು, ಟಿಬೆಟನ್ನರ ಶಿಕ್ಷಣ, ಆರೋಗ್ಯ ಕಾರ್ಯಗಳಿಗೆ ಪೆಟ್ಟು ಬಿದ್ದಿತು. ಅದೇ ಸರ್ಕಾರದ ಹಣದಿಂದ ನಡೆಯುತ್ತಿದ್ದ ರೇಡಿಯೋ ಫ್ರೀ ಏಷ್ಯಾದ ಟಿಬೆಟಿ ವಾರ್ತೆಯ ದನಿಯೂ ಕುಗ್ಗಿತು. ಟಿಬೆಟ್ಟಿನ ಸೆರೆಯಾಳಿನ ಸುದ್ದಿಯೇ ಹೊರಬಾರದಿದ್ದರೆ, ಅವನ ಪರವಾಗಿ ಕೇಳುವವರಾರು?

ಬಲಾಢ್ಯ ಸರ್ಕಾರವು ಮಾನವ ಹಕ್ಕುಗಳಿಗೆ ವಿಮುಖವಾದಂದು ದೂರದ ದಬ್ಬಾಳಿಕೆಗೆ ಧೈರ್ಯ ಹೆಚ್ಚುವುದು. ದೀಪಕ್ಕೆ ಎಣ್ಣೆಯೆರೆವ ಕೈಗಳು ಹಿಂಜರಿದರೂ, ನೆರೆಯವರಾದ ನಾವು ಮತದಾರರ ಆ ಸಾಲನ್ನು ಮರೆಯದಿರೋಣ.